ಕಡ್ಡಿಯ ಬೆವರು

ಕೆಸ್ಕಿಲ್ ಅದನ್ನು ಕೋಟಿನ ಹೊರಜೇಬಿನಲ್ಲಿ
ಬೀಗದ ಕೈಗಳ ಜೊತೆ ತಂದ.
ಶಾಲೆಯಿಂದ ಠಾಣೆಗೆ ಒಂದೂವರೆ ಕಿಲೋಮೀಟರು,
ಸೊನ್ನೆಗಿಂತ ನಲವತ್ತೇಳು ಕೆಳಗೆ.
"ಈಗಲೇ ಚುಚ್ಚಬೇಡ ತುಯಾರಾ ಅಕ್ಕ,
ಬೆವರುತ್ತೆ."
ನಿಜ. ಒಲೆಯ ಬಿಸಿ ತಾಗಿದ್ದೇ
ಪೆನ್‌ಡ್ರೈವಿನ ಮೈತುಂಬ ಹನಿ.
ಕರವಸ್ತ್ರದ ಮೇಲೆ ಮಲಗಿಸಿ
ನದಿಯಿಂದ ಕೊರೆದು ತಂದ ಗಡ್ಡೆ ಕರಗಿಸಿ
ಚಹಾ ಕಾಸಿದೆ. ಎರಡೆರಡು ಲೋಟ.

ಠಾಣೆಯ ಕಂಪ್ಯೂಟರು ಗುರುವಾರದಿಂದ
ಕಪ್ಪು ಪರದೆಯಲ್ಲಿ ಒಂದೇ ಬಿಳಿಗೆರೆ ಮಿಟುಕಿಸುತ್ತಿದೆ,
ಏನೋ ಹೇಳಲು ಬಾಯಿ ತೆರೆದು
ಮರೆತು ನಿಂತವರ ಹಾಗೆ.

ಎಫ್ ಹನ್ನೆರಡು. ತಡವಾಯಿತು. ಮತ್ತೆ.
ಬೆರಳು ಮರಕುಟಿಕ.
ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್ ಇದೆ, ನೆಟ್‌ವರ್ಕ್ ಇದೆ,
ನಮ್ಮ ಕಡ್ಡಿ ಇಲ್ಲ.
ಮುಂದಿನ ಕಿಂಡಿಯಿಂದ ಹಿಂದಿನ ಕಿಂಡಿಗೆ,
ನೀಲಿ ನಾಲಿಗೆಯದರಿಂದ ಕರಿ ನಾಲಿಗೆಯದಕ್ಕೆ.
ಇಲ್ಲ.
ಅವನು ಫೋನಿಗೆ ಸಿಕ್ಕಿಸಿ ನೋಡಿದ. ಕಿವಿ ಕೆಂಪಾಯಿತು.
ಮೂರು ಜಿಬಿಯ ಒಂದೇ ಫೈಲು
ಬಿಚ್ಚದ ಗಂಟಿನಂತೆ ಬಿದ್ದಿದೆ.
ಅಚ್ಚೊತ್ತಿ ಬರೆಯಬೇಕಿತ್ತು, ನಕಲು ಮಾಡಿ ತಂದಿದ್ದಾನೆ;
ಹಿಟ್ಟಿನ ಮೂಟೆ ಇಳಿಸಿ
ರೊಟ್ಟಿ ತಂದೆ ಅಂದ ಹಾಗೆ.
ಬೈಯಲಿಲ್ಲ. ಹದಿನಾರರ ಹುಡುಗ,
ಮತ್ತೆ ಒಂದೂವರೆ ಕಿಲೋಮೀಟರು.

ಅಷ್ಟರಲ್ಲಿ ಮೂರು ಗಂಟೆ.
ಕಂಪ್ಯೂಟರು ಸತ್ತರೆ ಚಳಿಗೆ ರಜೆಯೇ?
ಅಂಗಳದ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು
ಗಾಜಿಗೆ ತಾಗದಂತೆ ಉಸಿರು ಹಿಡಿದು ಓದಿದೆ.
ಪಾದರಸ ಎಂದೋ ಕಲ್ಲಾಗಿದೆ.
ಆಲ್ಕೊಹಾಲಿನ ಕೆಂಪು ಗೆರೆ ಹೇಳಿತು
ನಲವತ್ತೇಳು ದಶಾಂಶ ಆರು.
ರೇಡಿಯೋದಲ್ಲಿ ಐದೈದರ ಗುಂಪಾಗಿ ಅಂಕಿ ಕೂಗಿದೆ,
ಯಾಕುತ್ಸ್ಕಿನಿಂದ ವರ್ವಾರಾ ಒಂದೊಂದನ್ನೂ ತಿರುಗಿ ಹೇಳಿದಳು.
"ನಿನ್ನ ಪೆಟ್ಟಿಗೆ ಎದ್ದಿತೇ?"
"ಇಲ್ಲ."
"ಇರಲಿ, ಗಂಟಲು ಇದೆಯಲ್ಲ."

ಈ ಸಲ ಕೈಗವಸಿನೊಳಗೆ, ಅಂಗೈಗೆ ಒತ್ತಿ,
ಹಕ್ಕಿಮರಿ ತಂದ ಹಾಗೆ ತಂದ.
ಪಟ್ಟಿಯಲ್ಲಿ ಹೆಸರು ಬಂತು!
ಒತ್ತಿದರೆ ಕೆಂಪು ಚೌಕ: ಸಹಿ ಸರಿಯಿಲ್ಲ.
ಸೆಕ್ಯೂರ್ ಬೂಟ್ ಅಂತೆ, ಹೊಸಬರನ್ನು
ಹೊಸ್ತಿಲಲ್ಲೇ ತಡೆಯುವ ಕಾವಲುಗಾರ.
ಅವನನ್ನು ಮಲಗಿಸಲು ನೀಲಿ ಪುಟದೊಳಗೆ ಹೋದಾಗ
ಮೂಲೆಯಲ್ಲಿ ತಾರೀಖು ಕಂಡಿತು:
ಜನವರಿ ಒಂದು, ಎರಡು ಸಾವಿರದ ಹದಿನೈದು.
ಒಳಗಿನ ಗುಂಡಿಯಂಥ ಸೆಲ್ಲು ಮುಗಿದಿದೆ.
ಕೆಸ್ಕಿಲ್ ತಿದ್ದಹೋದ. ತಾಳು ಅಂದೆ.
ಕಪಾಟಿನಿಂದ ಆ ವರ್ಷದ ದಪ್ಪ ಪುಸ್ತಕ ಇಳಿಸಿದೆ.
ನನಗಿಂತ ಮೊದಲಿದ್ದ ಅಫನಾಸಿಯ ಓರೆ ಅಕ್ಷರ:
ಬೆಳಗ್ಗೆ ಒಂಬತ್ತು, ಮೈನಸ್ ಐವತ್ತೊಂದು, ದಟ್ಟ ಮಂಜು.
ಅಂಚಿನಲ್ಲಿ ಪೆನ್ಸಿಲ್ಲಿನಿಂದ:
ನಾಯಿ ಮರಿ ಹಾಕಿತು, ನಾಲ್ಕು.
ಈಗ ತಿದ್ದು, ಅಂದೆ.

ಮತ್ತೊಮ್ಮೆ ಕತ್ತಲೆ. ಲಾಂಛನ ಹೊಳೆದು ಆರಿತು.
ಪರದೆಯ ಕಾರ್ಡಿನ ಗೊಡವೆಗೆ ಹೋಗಬೇಡ ಎನ್ನುವ
ಒಂದು ಪದ ಸಾಲಿನ ಕೊನೆಗೆ ಟೈಪಿಸಬೇಕು;
ರಷ್ಯನ್ ಕೀಲಿಮಣೆಯಲ್ಲಿ ಎರಡು ಸಲ ತಪ್ಪಿ
ಮೂರನೆಯ ಸಲ
ತಿಳಿನೀಲಿ ಆಕಾಶ, ನಡುವೆ ಒಂದು ಬಾಣ.

ಇನ್‌ಸ್ಟಾಲ್ ಮಾಡಲೇ, ಸುಮ್ಮನೆ ನೋಡುವಿರೋ?
ಸುಮ್ಮನೆ ನೋಡುತ್ತೇವೆ.
ಕೋಟು ಕಳಚದ ನೆಂಟನಂತೆ
ಮೆಮೊರಿಯ ಹಜಾರದಲ್ಲೇ ನಿಂತು
ನಮಗಾಗಿ ಹಳೆಯ ಡಿಸ್ಕಿನ ಕೋಣೆ ತೆರೆದುಕೊಟ್ಟಿತು.
ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ.
ಹತ್ತು ಚಳಿಗಾಲ ಸಾಲಾಗಿ ಸಿಕ್ಕವು.
ಗುರುವಾರದ ಮಧ್ಯಾಹ್ನದಲ್ಲಿ ಒಂದು ಅಂಕಿ ಅರ್ಧಕ್ಕೆ ನಿಂತಿತ್ತು,
ನಾಲ್ಕರ ಮುಂದೆ ಏನೂ ಇಲ್ಲ.
ಅದನ್ನೂ ಹಾಗೆಯೇ ಬೇರೆ ಡ್ರೈವಿಗೆ ನಕಲಿಸಿದೆವು.

ಕೊನೆಗೆ ಪರದೆ ಕೇಳಿಕೊಂಡಿತು:
ಕಡ್ಡಿ ತೆಗೆಯಿರಿ, ಎಂಟರ್ ಒತ್ತಿರಿ.
ತೆಗೆದೆ.
ಬೆರಳಿಗೆ ಬಿಸಿ ತಾಗಿತು.
ಕೆಸ್ಕಿಲ್ ಕೈಗವಸಿನ ಬಾಯಿ ಅಗಲಿಸಿ ಹಿಡಿದಿದ್ದ.