ಅಳೆದು ಕೊಟ್ಟ ನಿದ್ದೆ

ಹೊಳೆ ಹೆಪ್ಪುಗಟ್ಟಿ ಮೂರನೆಯ ವಾರ.
ತಾರ್ತುವಿನ ಈ ಹೊಳೆಯ ಹೆಸರಿನಲ್ಲೇ ತಾಯಿ ಇದ್ದಾಳೆ,
ಮೇಲೆ ಕಲ್ಲಿನಂಥ ಮಂಜುಗಡ್ಡೆ, ಕೆಳಗೆ ತನ್ನ ಪಾಡಿಗೆ ಹರಿಯುತ್ತಾಳೆ.
ನಾನು, ಉರ್ವೆ, ನಿದ್ದೆ ಕೊಡುವವಳು;
ಮೂವತ್ತಾರು ವರ್ಷದಿಂದ ಇದೇ ಕಸುಬು.

ಇವತ್ತಿನ ಮಗು ಹುಟ್ಟಿ ಮೂರು ದಿನ.
ಎರಡು ಕಿಲೋ ಏಳುನೂರು ಗ್ರಾಂ,
ನನ್ನ ಚಳಿಗಾಲದ ಬೂಟು ಇದಕ್ಕಿಂತ ಭಾರ.
ಅನ್ನನಾಳ ಅರ್ಧಕ್ಕೇ ನಿಂತಿದೆ.
ಕುಡಿದ ಮೊದಲ ಗುಟುಕು ನೊರೆಯಾಗಿ ಮರಳಿತಂತೆ.

ತಾಯಿ ಉಲ್ಯಾನಾ, ಪೈಪ್ಸಿ ಸರೋವರದ ದಂಡೆಯವಳು,
ಈರುಳ್ಳಿ ಬೆಳೆವ ಹಳೆಯ ನಂಬಿಕೆಯವರ ಊರು.
ತಲೆವಸ್ತ್ರಕ್ಕೆ ಗಂಟಿಲ್ಲ, ಗದ್ದದ ಕೆಳಗೆ ಒಂದು ಪಿನ್ನು.
ಸಹಿಯ ಕಾಗದ ಮುಂದಿಟ್ಟರೆ ಪೆನ್ನು ಮುಟ್ಟಲಿಲ್ಲ.
‘ನೋವಾಗುತ್ತದಾ ಅಂತ ಕೇಳುತ್ತಿಲ್ಲ.
ನಿದ್ದೆ ಅವನಿಂದ ಏನು ತೆಗೆದುಕೊಳ್ಳುತ್ತದೆ,
ಅದನ್ನು ಹೇಳಿ’ ಅಂದಳು.

ಸುಳ್ಳು ಹೇಳಬಹುದಿತ್ತು. ಏಳೂವರೆ; ಥಿಯೇಟರು ಕಾಯುತ್ತಿತ್ತು.

ಹೇಳಿದೆ, ಇಲಿಮರಿಗಳ ಕಥೆ.
ಹುಟ್ಟಿ ಏಳು ದಿನದವು, ಹೆಬ್ಬೆರಳಿನಷ್ಟು.
ಆರು ತಾಸು ಮಲಗಿಸಿದರು. ಎದ್ದವು, ಮೊಲೆ ಹುಡುಕಿದವು.
ಸೂಕ್ಷ್ಮದರ್ಶಕದ ಕೆಳಗೆ ಮಾತ್ರ
ಒಂದನ್ನೊಂದು ಮುಟ್ಟಲು ಹೊರಟಿದ್ದ ಜೀವಕೋಶಗಳು
ದಾರಿಯಲ್ಲೇ ಕುಸಿದಿದ್ದವು,
ಮೇ ತಿಂಗಳ ಹಿಮ ಸುಟ್ಟ ಮೊಳಕೆಗಳ ಹಾಗೆ.
ಮನುಷ್ಯರ ಮಕ್ಕಳಲ್ಲಿ?
ಒಂದು ತಾಸಿನ ನಿದ್ದೆಗೆ ಲೆಕ್ಕಕ್ಕೆ ಸಿಗುವ ನಷ್ಟ ಕಾಣಲಿಲ್ಲ.
ಮೂರಕ್ಕೆ, ನಾಲ್ಕಕ್ಕೆ? ಗೊತ್ತಿಲ್ಲ, ಉಲ್ಯಾನಾ.
ಗೊತ್ತಿಲ್ಲ ಎಂಬುದನ್ನೂ ಅಳೆದೇ ಕೊಡಬೇಕು,
ಹೆಚ್ಚಾದರೆ ತಾಯಿ ತಾಳುವುದಿಲ್ಲ.

ಇನ್ನೊಂದನ್ನು ಹೇಳಲಿಲ್ಲ.
ನಾನು ಕಲಿಯುತ್ತಿದ್ದ ಕಾಲಕ್ಕೆ
ಹಸುಗೂಸಿಗೆ ನೋವೆಂಬುದೇ ಇಲ್ಲವೆಂದು ದೊಡ್ಡವರ ನಂಬಿಕೆ.
ಸ್ನಾಯು ಸಡಿಲಿಸುವ ಮದ್ದು ಕೊಟ್ಟರು, ಅಲುಗಾಡದಿದ್ದರೆ ಸಾಕೆಂದು.
ಅಲುಗಾಡಲಿಲ್ಲ ಆ ಹುಡುಗಿ.
ನಾನು ಹಿಡಿದಿದ್ದ ಹಿಮ್ಮಡಿಯಲ್ಲಿ ಅವಳ ನಾಡಿ
ಬಾಗಿಲು ಬಡಿಯುತ್ತಿತ್ತು.
ನನಗೆ ಇಪ್ಪತ್ತಮೂರು. ಹಿಮ್ಮಡಿ ಬಿಡಲಿಲ್ಲ, ಬಾಯಿಯನ್ನೂ.
ಆ ಬಡಿತವೂ ಮಿದುಳಿನಲ್ಲಿ ಗೆರೆ ಕೊರೆಯುತ್ತದೆಂದು
ಆಮೇಲೆ ಓದಿಕೊಂಡೆ.
ಅತ್ತ ದರಿ, ಇತ್ತ ಪುಲಿ;
ನಡುವಿನ ದಾರಿ ಒಂದು ಹನಿಯಷ್ಟು ಅಗಲ.

ಉಲ್ಯಾನಾ ಸಹಿ ಹಾಕಿದಳು. ‘ಅಳೆದು ಕೊಡಿ.’

ಆವಿ ಅರ್ಧಕ್ಕಿಳಿಸಿದೆ.
ಬೆನ್ನಿನ ಸಂದಿಗೆ ನೂಲೆಳೆಯ ಕೊಳವೆ, ಅಲ್ಲಿಂದ ಜೋಮು.
ಜೊತೆಗೆ ಇನ್ನೊಂದು ಮದ್ದು, ಹನಿ ಹನಿಯಾಗಿ:
ಇಲಿಮರಿಗಳ ಮಿದುಳನ್ನು ಅದು ಕಾಪಾಡಿತ್ತು,
ಇವನದನ್ನೂ ಕಾದೀತೇ ಎಂಬ ಆಸೆ; ಆಸೆಗೆ ಡೋಸು ಬರೆದಿಲ್ಲ ಯಾರೂ.
ಕೋಣೆ ಬೆಚ್ಚಗೆ, ನಮ್ಮೆಲ್ಲರ ಬೆನ್ನು ಬೆವರುವಷ್ಟು.
ರಕ್ತದೊತ್ತಡ ಒಂದು ಗೆರೆ ಇಳಿದರೆ ನನ್ನ ಕೈ ಓಡುತ್ತದೆ,
ಸಕ್ಕರೆ ಇಳಿದರೆ, ಉಸಿರಿನ ಗಾಳಿ ಇಳಿದರೆ.
ನಿದ್ದೆಯ ಮೇಲೆಯೇ ತಪ್ಪು ಹೊರಿಸಿ ಕೂತರೆ
ಹಿಂಬಾಗಿಲಿನ ಕಳ್ಳರು ಇವರು.

‘ಇನ್ನೆಷ್ಟು ಹೊತ್ತು?’ ಎಂದು ಕೇಳುತ್ತಲೇ ಇದ್ದೆ.
ಎಂಟನೆಯ ಸಲಕ್ಕೆ ಶಸ್ತ್ರವೈದ್ಯ ಕಾಲ್ಯು ಸಿಡುಕಿದ:
‘ದಾರ ಕೂದಲಿಗಿಂತ ತೆಳ್ಳಗಿದೆ, ಉರ್ವೆ. ಬಾ, ನೀನೇ ಹೊಲಿ.’
ನಾನು ಸುಮ್ಮನಾದೆ.
ಗಡಿಯಾರ ಸುಮ್ಮನಾಗಲಿಲ್ಲ.

ಎರಡು ತಾಸು ಹತ್ತು ನಿಮಿಷ.
ಆವಿ ನಿಲ್ಲಿಸಿದೆ.
ಮೊದಲು ಎಡಗಾಲ ಕಿರುಬೆರಳು, ಆಮೇಲೆ ಹುಬ್ಬು,
ಆಮೇಲೆ ಬಾಯಲ್ಲಿ ಕೊಳವೆಯಿದ್ದದ್ದರಿಂದ
ಸದ್ದಿಲ್ಲದ ಅಳು, ಮುಖದ ತುಂಬ.
ಇಷ್ಟು ಸಿಟ್ಟಿದೆಯಲ್ಲ, ಅಷ್ಟರಮಟ್ಟಿಗೆ ಇದ್ದಾನೆ ಅಂದುಕೊಂಡೆ.

ಐದು ವರ್ಷದವನಾಗಿ ಯಾವುದೋ ಅಕ್ಷರಕ್ಕೆ ಅವನು ತಡವರಿಸಿದರೆ
ಅದು ನಾನೋ, ಅವನ ಅಜ್ಜನ ನಾಲಗೆಯೋ,
ಬರೀ ಒಂದು ಸೋಮವಾರದ ಬೆಳಗೋ,
ಹೇಳುವವರು ಯಾರು?
ತಡವರಿಸದಿದ್ದರೂ ಹೇಳುವವರಿಲ್ಲ.

ಅವನ ಅಜ್ಜಿ ವಾರ್ಡಿನ ಬಾಗಿಲಲ್ಲಿ ಒಂದು ಈರುಳ್ಳಿಯ ಜಡೆ ಬಿಟ್ಟುಹೋಗಿದ್ದಳು.
ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದೇನೆ.
ಕೆಳಗಿನಿಂದ ಮೂರನೆಯ ಗೆಡ್ಡೆ ಹಸಿರು ನಾಲಗೆ ಚಾಚಿದೆ.
ಹೊರಗೆ ಫೆಬ್ರವರಿ ಎಂದು ಅದಕ್ಕೆ ಯಾರೂ ಹೇಳಿಲ್ಲ.