ಪೊರೆ

ಗಾಂಧಿ ಬಜಾರಿನ ನಮ್ಮಂಗಡಿಯ ಬಿಳಿ ಗಾದಿಗೆ
ಚಪ್ಪಲಿ ಹತ್ತುವಂತಿಲ್ಲ.
ಹತ್ತು ವರ್ಷದಿಂದ ಬರಿಗಾಲಲ್ಲೇ ನಿಂತು ಸೀರೆ ಹರಡುತ್ತೇನೆ.
ಸೆರಗು ತೋರಿಸಿ, ಒಡಲು ತೋರಿಸಿ,
ಇದೇ ಅಂಚಿಗೆ ಗಿಳಿಹಸಿರು ಇದೆಯಾ ನೋಡಿ.
ನನ್ನ ಕಾಲನ್ನು ಯಾರೂ ನೋಡಿರಲಿಲ್ಲ

ಆಷಾಢದ ರಿಯಾಯಿತಿಯ ಒಂದು ಶನಿವಾರ
ಧರ್ಮಾವರಂ ಒಂದು ನನ್ನ ಎಡ ಹಿಮ್ಮಡಿಗೆ ಸಿಕ್ಕಿ
ಹರಿಯದೆ, ಸದ್ದಿಲ್ಲದೆ, ಬರೀ ಒಂದು ಎಳೆ
ಎದ್ದು ಬರುವ ತನಕ.
ಗಿರಾಕಿ ಎಳೆ ನೋಡಿದಳು.
ಎಳೆಯ ಜಾಡು ಹಿಡಿದು ಬಂದು ನನ್ನ ಕಾಲು ನೋಡಿದಳು.
ಬೇರೆ ತೋರಿಸಿ ಎಂದಳು.
ಶೇಟರು ಏನೂ ಅನ್ನಲಿಲ್ಲ. ಸಂಜೆ ಸಂಬಳದ ಪುಸ್ತಕದಲ್ಲಿ
ನನ್ನ ಹೆಸರಿನೆದುರು ಏನೋ ಸಣ್ಣಗೆ ಬರೆದರು.

ನಸೀಮಾ ತಂದುಕೊಟ್ಟಳು, ಇನ್ನೂರ ನಲವತ್ತೊಂಬತ್ತು,
"ಕಂತಲ್ಲಿ ಕೊಡೇ":
ಒಂದು ಜೊತೆ ಪ್ಲಾಸ್ಟಿಕ್ ಕಾಲುಚೀಲ,
ಒಳಗೆ ಲೋಳೆಯಂಥ ನೀರು.
ಕವರಿನ ಮೇಲೆ ಒಂದು ಪಾದ,
ಯಾವತ್ತೂ ಎಲ್ಲಿಗೂ ನಡೆದು ಹೋಗಿರದ ಪಾದ.

ಭಾನುವಾರ ಹೊಸಮನೆಯ ಬಾಡಿಗೆ ಕೋಣೆಯಲ್ಲಿ
ಚೀಲ ತೊಟ್ಟು ಪಟ್ಟಿ ಅಂಟಿಸಿ ಕೂತೆ.
ಒಂದು ಗಂಟೆ ಏಳಬಾರದಂತೆ.
ಹಳೇ ಮಜ್ಜಿಗೆಯ ಹುಳಿ ವಾಸನೆ.
ಬಿರುಕಿನೊಳಗೆ ಚುರುಚುರು.
ಇಸ್ತ್ರಿಯ ಹುಡುಗ ಬಾಗಿಲು ಬಡಿದ.
ಆಮೇಲೆ ಬಾರೋ ಎಂದೆ.
"ಹುಷಾರಿಲ್ವಾ ಅಕ್ಕಾ?"
ಹುಷಾರಿದ್ದೂ ಸುಮ್ಮನೆ ಕೂತ ಹೆಂಗಸಿಗೆ ಏನನ್ನುತ್ತಾರೋ
ನನಗೂ ಗೊತ್ತಿರಲಿಲ್ಲ.

ಕೂತವಳಿಗೆ ಅವ್ವ ಕಂಡಳು.
ಹಾಲಮ್ಮ. ರೈಸ್‌ಮಿಲ್ಲಿನ ಕಣದಲ್ಲಿ
ಬೇಯಿಸಿದ ಭತ್ತವನ್ನು ಕಾಲಿನಿಂದಲೇ
ಸಾಲುಸಾಲಾಗಿ ಗೀರಿ ಒಣಗಿಸುತ್ತಿದ್ದವಳು.
ಕಾದ ಸಿಮೆಂಟಿನ ಮೇಲೆ ಪಾದ ಎತ್ತುವಂತಿಲ್ಲ,
ಉಜ್ಜಿಕೊಂಡೇ ಹೋಗಬೇಕು, ಕೊನೆಯಲ್ಲಿ ತಿರುಗಬೇಕು,
ಮತ್ತೆ ಉಜ್ಜಿಕೊಂಡೇ ಬರಬೇಕು.
ಮುಳ್ಳು ಹೊಕ್ಕರೆ ಅವಳಿಗೆ ತಿಳಿಯುತ್ತಿರಲಿಲ್ಲ.
ರಾತ್ರಿ ದೀಪಕ್ಕೆ ಹಿಡಿದು ನಾನು ಪಿನ್ನಿನಿಂದ ಕಿತ್ತರೆ
"ಇದ್ಯಾವಾಗ ಬಂದಿತ್ತೇ?" ಎಂದು
ನೆಂಟರನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದಳು.

ಮೂರು ದಿನ ಏನೂ ಆಗಲಿಲ್ಲ.
ದುಡ್ಡು ನೀರಲ್ಲಿ ಹೋಯ್ತು ಎಂದೆ.
ಶುಕ್ರವಾರ ಬೆರಳ ಸಂದಿಯಲ್ಲಿ ಶುರುವಾಯಿತು:
ಮೊದಲು ಆರಿದ ಹಾಲಿನ ಕೆನೆಯಂತೆ ಸುಕ್ಕು,
ಆಮೇಲೆ ಹಾಳೆ ಹಾಳೆ.
ಎಳೆಯಬಾರದು ಎಂದು ಕವರಿನಲ್ಲಿ ಬರೆದಿತ್ತು.
ಎಳೆದೆ.
ಹಿಮ್ಮಡಿಯದು ಇಡಿಯಾಗಿ ಬಂತು,
ದಪ್ಪ, ಹಳದಿ, ಬಿರುಕುಗಳ ಸಮೇತ.
ಉದುರಿದ ಕೂದಲನ್ನು, ಉಗುರನ್ನು ಎಲ್ಲಿ ಹಾಕಬೇಕೆಂದು
ಅವ್ವ ಹೇಳಿಕೊಟ್ಟಿದ್ದಳು.
ಇದನ್ನು ಹೇಳಿರಲಿಲ್ಲ. ಅವಳದು ಉದುರಲೇ ಇಲ್ಲ.
ನನ್ನನ್ನು ಪೊರೆದ ಆ ಪೊರೆ
ಅವಳ ಜೊತೆಗೇ ಮಣ್ಣಿಗೆ ಹೋಯಿತು.
ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡಿದ್ದು
ಕೊನೆಗೆ ದಿನಪತ್ರಿಕೆಯಲ್ಲಿ ಸುತ್ತಿದೆ.

ಅಂಗಡಿಯಲ್ಲಿ ನಾನು ನಡೆದಲ್ಲೆಲ್ಲ ಬಿಳಿ ಚೂರು,
ಪೊರಕೆ ಹಿಡಿದು ನಸೀಮಾ ಹಿಂದೆ ಹಿಂದೆ.
"ನಾಗರ ಪಂಚಮಿಗೆ ಇನ್ನೂ ಹದಿನೈದು ದಿನ ಐತೆ,
ಈಗಲೇ ಏನೇ ಅವಸರ?"

ಈಗ ರೇಷ್ಮೆ ಸಿಕ್ಕುವುದಿಲ್ಲ.
ಪುಸ್ತಕದಲ್ಲಿ ಬರೆದದ್ದನ್ನು ಶೇಟರು ಹೊಡೆದುಹಾಕಿಲ್ಲ.
ಎಲ್ಲವೂ ಕಾಲಿಗೆ ತಿಳಿಯುತ್ತದೆ:
ಗಾದಿಯ ಹೊಲಿಗೆ, ಅದರೊಳಗೆ ಗಂಟುಕಟ್ಟಿದ ಹತ್ತಿ,
ಬಚ್ಚಲ ಕಲ್ಲಿನ ಯಾವ ಮೂಲೆ ಹೆಚ್ಚು ತಣ್ಣಗೆ ಎಂಬುದು.
ನಿನ್ನೆ ರಾತ್ರಿ ಕರೆಂಟು ಹೋದಾಗ
ಒಲೆಯ ಹತ್ತಿರ
ಅಕ್ಕಿ ಆರಿಸುವಾಗ ಬಿದ್ದ ಒಂದೇ ಒಂದು ಭತ್ತ
ತುಳಿದು, ಅವ್ವಾ, ಎಂದೆ.
ನೋವಾದರೆ ಎಲ್ಲರೂ ಹಾಗೇ ಅನ್ನುತ್ತಾರೆ.

ಆಮೇಲೆ, ಕತ್ತಲಿತ್ತಲ್ಲ,
ಪಾದ ಎತ್ತದೆ
ಆ ಕಾಳನ್ನು ಹಾಗೇ ಎಳೆದುಕೊಂಡು
ಗೋಡೆಯ ತನಕ ಒಂದು ಸಾಲು ಗೀರಿದೆ.