ಷರಾ

ಮೂರನೇ ಮಹಡಿಯ ಕಿಟಕಿಯಾಚೆ
ಇನ್ನೂ ಇದೆ ಕಬ್ಬಿಣದ ಕೊಕ್ಕೆ,
ಬ್ರಾಡ್‌ಫರ್ಡಿನ ಉಣ್ಣೆಯ ಮೂಟೆಗಳನ್ನು ಮೇಲಕ್ಕೆಳೆಯುತ್ತಿದ್ದದ್ದು.
ಈಗ ಅದರ ಮೇಲೊಂದು ಪಾರಿವಾಳ.
ಒಳಗೆ ನಾನು, ಇಖ್ಲಾಸ್, ಸುಣ್ಣ ಕಟ್ಟಿದ ಕೆಟಲ್ಲು,
ಬೆಳಗಿನಿಂದ ನಲವತ್ತೊಂದು ಸಾಲು.

ಕೈಪಿಡಿ ಹೇಳುತ್ತದೆ:
ವರದಿಯಲ್ಲಿ ‘ಕೆಲವರು’ ಎಂದಿದ್ದರೆ ಮೂರು,
‘ಡಜನ್‌ಗಟ್ಟಲೆ’ ಎಂದಿದ್ದರೆ ಇಪ್ಪತ್ತನಾಲ್ಕು.
ಊರಿನ ಹೆಸರು ಖಚಿತವೋ ಅಂದಾಜೋ ಗುರುತು ಹಾಕಿ;
ಊರೇ ಇಲ್ಲವಾಗಿದ್ದರೆ ಹತ್ತಿರದ ಊರು.
‘ಕನಿಷ್ಠ’ ಎಂಬ ಮಾತನ್ನು ಮಾತ್ರ ಬಿಡಕೂಡದು,
ಅದಕ್ಕೊಂದು ಕಾಲಂ ಇದೆ.

ವರದಿ ಕನ್ನಡದಲ್ಲಿ ಬಂದಿದ್ದರೆ ಏನು ಗತಿ!
ಹತ್ತಾರು ಎಂದರೆ ಹತ್ತೋ, ಆರೋ, ಹದಿನಾರೋ?
ನೂರಾರು ಎಂದರೆ ನೂರರ ಮೇಲೆ ಬರೀ ಆರೇ?
ಒಂದೆರಡು ಎಂದಾಗ ಆ ಎರಡನೆಯವನು
ಸತ್ತಿದ್ದಾನೋ, ಇದ್ದಾನೋ?
ಮೌರೀನ್‌ಗೆ ಇದನ್ನು ಬಿಡಿಸಿ ಹೇಳಿದೆ. ಆಕೆ ನಗಲಿಲ್ಲ.
ಪೆನ್ಸಿಲ್ ತೆಗೆದು ಕೈಪಿಡಿಯ ಅಂಚಿನಲ್ಲಿ ಬರೆದುಕೊಂಡಳು.

ನಮ್ಮವ್ವ ಕನ್ನಡ ಶಾಲೆಯ ಟೀಚರು.
ಜನಗಣತಿಯ ವರ್ಷ ಗುಳೇದಗುಡ್ಡದ ಓಣಿಗಳಲ್ಲಿ
ಕಪ್ಪು ಬಣ್ಣದ ಡಬ್ಬಿ ಹಿಡಿದು ಬಾಗಿಲಿಗೆ ನಂಬರು ಬರೆದವಳು.
ಮಗ್ಗದ ಸದ್ದಿನ ಮೇಲೆ ಕೂಗಿ ಕೇಳಬೇಕು:
ಮನ್ಯಾಗ ಎಷ್ಟ ಮಂದಿ?
ಒಳಗಿಂದ ಯಾರೋ: ನಿನ್ನೆ ರಾತ್ರಿ ಒಂದು ಹೆಚ್ಚಾಗೇತ್ರಿ.
ಹೆಸರಿನ ಜಾಗದಲ್ಲಿ ಅವ್ವ ದುಂಡಗೆ ಬರೆದಳು,
‘ಇನ್ನೂ ಇಟ್ಟಿಲ್ಲ.’
ಕೊನೆಯ ರಾತ್ರಿ ಮನೆ ಇಲ್ಲದವರ ಲೆಕ್ಕ.
ಟಾರ್ಚು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದಳು.
ಎಬ್ಬಿಸಲಿಲ್ಲವಂತೆ ಯಾರನ್ನೂ.
‘ಹೊದಿಕಿ ಏರಿ ಇಳಿಯೂದ ನೋಡಿ ಬರಕೊಂಡ್ನಿ.’

ಮಂಗಳವಾರ ಸಿಕ್ಕಿತು ಆ ಕೋವಿ.
ಆರು ವರ್ಷ ಹಿಂದಿನ ಪಟ್ಟಿ: ಒಪ್ಪಿಸಿದ ಕೋವಿಗಳು ಮುನ್ನೂರ ಹನ್ನೆರಡು,
ಮಂತ್ರಿಗಳ ಸಮ್ಮುಖದಲ್ಲಿ, ಬ್ಯಾಂಡಿನ ಸಮೇತ,
ಸೀಮೆಎಣ್ಣೆ ಸುರಿದು ಸುಟ್ಟದ್ದು.
ಷರಾ: ನಾಶ.
ಅದೇ ಸಂಖ್ಯೆ, ಕೊನೆಗೆ ೭೭೪೦,
ಹೋದ ತಿಂಗಳ ಪಟ್ಟಿಯಲ್ಲಿ, ನದಿಯಾಚೆಯ ದೇಶದಲ್ಲಿ,
ಹುಡುಗನೊಬ್ಬನ ಕೈಯಿಂದ ವಶ.

ಬೆರಳು ತಪ್ಪಿದೆ ಯಾರದೋ, ಎಂದಳು ಇಖ್ಲಾಸ್.
ಒಬ್ಬರ ಪರದೆ ಒಬ್ಬರು ನೋಡದೆ ಮತ್ತೆ ನಮೂದಿಸಿದೆವು. ತಾಳೆ ಬಂತು.
ಫೋಟೊ ಹಿಗ್ಗಿಸಿದೆವು:
ಸೀಳಿದ ಮರದ ಹಿಡಿ, ಅದಕ್ಕೆ ಸುತ್ತಿದ ಸೈಕಲ್ ಟ್ಯೂಬು.
ಎರಡೂ ಚಿತ್ರದಲ್ಲಿ ಅದೇ ಟ್ಯೂಬು, ಅದೇ ಗಂಟು,
ಎತ್ತಿನ ಕಣ್ಣಿಗೆ ಹಾಕುವಂಥ, ಕೈಪಳಗಿದ ಗಂಟು.
ಉರಿಯಿಂದ ಎದ್ದು ಬಂದ ಕೋವಿಯಲ್ಲ ಇದು.
ಉರಿಗೆ ಬಿದ್ದೇ ಇರಲಿಲ್ಲ.
ಇಖ್ಲಾಸ್ ಎದ್ದು ಹೋಗಿ ಕಪ್ಪು ತೊಳೆದಳು,
ತೊಳೆದ ಕಪ್ಪನ್ನೇ ಮತ್ತೆ ತೊಳೆದಳು.

ಈಗ ನಾಶವಾದದ್ದು ಮುನ್ನೂರ ಹನ್ನೊಂದು ಎನ್ನಲೇ?
ಒಂದು ಸುಳ್ಳಾದ ಮೇಲೆ
ಉಳಿದವು ಬೂದಿಯಾದವೆಂದು ಯಾವ ಬಾಯಲ್ಲಿ ಹೇಳಲಿ?
ಮೌರೀನ್ ಕನ್ನಡಕ ತೆಗೆದು ಕಾರ್ಡಿಗನ್ನಿಗೆ ಒರೆಸಿದಳು:
‘ಸತ್ತವರಿಗೆ ಕನಿಷ್ಠ, ಲವ್. ಸುಟ್ಟ ಕೋವಿಗೆ ಗರಿಷ್ಠ.
ಇಷ್ಟು ವರ್ಷ ಹೊಳೆದಿರಲಿಲ್ಲ ನೋಡು.’
ಆದರೆ ಗರಿಷ್ಠಕ್ಕೆ ಕಾಲಂ ಇಲ್ಲ.
ಹಾಕಬೇಕೆಂದರೆ ಸಮಿತಿ ಕೂರಬೇಕು,
ಸಮಿತಿ ಕೂರುವುದು ಮಾರ್ಚಿಗೆ.
ಅಲ್ಲಿಯವರೆಗೆ ಷರಾದಲ್ಲಿ ಬರೆ, ಎಂದಳು.
ಬರೆದೆ: ಗಂಟು ಅದೇ.

ಮ್ಯಾನಿಂಗ್‌ಹ್ಯಾಮ್‌ನತ್ತ ಏರುವ ಬಸ್ಸು.
ಕಿಟಕಿಯಲ್ಲಿ ಮಸಿ ಹಿಡಿದ ಹಳದಿ ಕಲ್ಲಿನ ಮನೆಗಳು, ಮಿಠಾಯಿ ಅಂಗಡಿಯ ಹಸಿರು ದೀಪ.
ಎದುರು ಸೀಟಿನಲ್ಲಿ ಕೆಲಸ ಮುಗಿಸಿದವನೊಬ್ಬ,
ಹೊಳೆಯುವ ಪಟ್ಟಿಯ ಜಾಕೆಟ್ಟನ್ನು ಮುಖದವರೆಗೆ ಎಳೆದುಕೊಂಡು
ಗಾಜಿಗೆ ತಲೆಯಿಟ್ಟಿದ್ದ.
ಪಟ್ಟಿ ಏರಿತು.
ಇಳಿಯಲಿ ಎಂದು ಕಾದೆ.
ಇಳಿಯಿತು, ಏರಿತು.
ಮತ್ತೊಂದು ಸಲ, ಮತ್ತೊಂದು ಸಲ ಎನ್ನುತ್ತ
ನನ್ನ ಸ್ಟಾಪು ಹಿಂದೆ ಉಳಿಯಿತು.